ಪ್ರತಿ ಸ್ವರಕ್ಕೂ ಒಂದು ಟಕ್

ಬೇಗೂರಿನ ಹೆದ್ದಾರಿ ಪಕ್ಕದ ಹಿಟ್ಟಿನ ಗಿರಣಿಯ ಕರಿಬಸಮ್ಮನಿಗೆ ದೆವ್ವ ಭೂತಗಳಲ್ಲಿ ನಂಬಿಕೆಯಿಲ್ಲ. ಇದ್ದಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಒಂದು ತಾಯಿತ ಕಟ್ಟಿಸಿಕೊಂಡು, ಹೊಸ್ತಿಲಿಗೆ ನಿಂಬೆಹಣ್ಣು ಹಿಂಡಿ ಸುಮ್ಮನಾಗಬಹುದಿತ್ತು. ನಂಬಿಕೆಯಿಲ್ಲದವರಿಗೆ ಇಂಥ ಕಾಟ ಅಂಟಿಕೊಂಡರೆ ಬಿಡಿಸುವವರು ಯಾರು?

ಐವತ್ತಾರು ವರ್ಷದ ಹೆಂಗಸು. ಹುಟ್ಟಿದ್ದು ಹರವೆಯಲ್ಲಿ. ಹತ್ತೊಂಬತ್ತಕ್ಕೆ ಬೇಗೂರಿನ ಲಿಂಗವಂತರ ಮನೆಗೆ ಸೊಸೆಯಾಗಿ ಬಂದಳು. ಮಾವ ಇಟ್ಟಿದ್ದ ಗಿರಣಿ ಮಗನಿಗೆ ಬೇಡವಾಗಿ ಸೊಸೆಯ ಕೊರಳಿಗೆ ಬಿತ್ತು. ಅಂದಿನಿಂದ ಇಂದಿನವರೆಗೆ ಸುತ್ತ ಹತ್ತು ಹಳ್ಳಿಯ ರಾಗಿ, ಜೋಳ, ಅಕ್ಕಿ, ಮೆಣಸಿನಕಾಯಿ ಎಲ್ಲ ಅವಳ ಕೈಯಲ್ಲೇ ಪುಡಿಯಾಗಿವೆ. ಆ ಗಡಗಡ ಸದ್ದಿನ ನಡುವೆ ಕೂಗಿ ಕೂಗಿ ಅವಳ ಗಂಟಲೇ ಹಾಗಾಗಿಬಿಟ್ಟಿದೆ. ಅವಳು ಯಾರ ಕಿವಿಯಲ್ಲಾದರೂ ಗುಟ್ಟು ಹೇಳಿದರೆ ಬಸ್ ಸ್ಟಾಪಿನಲ್ಲಿ ನಿಂತವರು ತಲೆದೂಗುತ್ತಾರೆ. ಹಿಟ್ಟು ದಪ್ಪವಾಯಿತು ಎಂದು ಯಾರಾದರೂ ರಾಗ ಎಳೆದರೆ, "ಅಂಗಾರೆ ನಿಮ್ಮತ್ತೆ ಬೀಸ್ಕೊಡ್ತಾಳೆ, ತಕ್ಕೊಂಡೋಗು" ಎಂದು ಡಬ್ಬ ಮುಂದಕ್ಕೆ ತಳ್ಳುವ ಪೈಕಿ. ಊರವರಿಗೆ ಅವಳನ್ನು ಕಂಡರೆ ಭಯವೂ ಇದೆ, ಪ್ರೀತಿಯೂ ಇದೆ.

ಗಂಡ ಶಂಭುಲಿಂಗಪ್ಪ ಇದಕ್ಕೆ ಸರಿ ಉಲ್ಟಾ. ಹೈಸ್ಕೂಲಿನಲ್ಲಿ ಅಟೆಂಡರ್ ಆಗಿ ಮೂವತ್ತು ವರ್ಷ ಗಂಟೆ ಹೊಡೆದ ಮನುಷ್ಯ. ಆ ಗಂಟೆಯನ್ನೂ ಯಾರಿಗೂ ನೋವಾಗದ ಹಾಗೆ ಹೊಡೆಯುತ್ತಿದ್ದರು ಎಂದು ಮೇಷ್ಟ್ರುಗಳು ನಗುತ್ತಿದ್ದರು. ತಲೆನೋವು ಬಂದರೂ ಹೇಳುವವರಲ್ಲ, ಜ್ವರ ಬಂದರೂ ಹೇಳುವವರಲ್ಲ. ಅವರಿಗಿದ್ದ ಹುಚ್ಚು ಒಂದೇ, ಹಾರ್ಮೋನಿಯಂ. ಊರ ಭಜನಾ ಮಂಡಳಿಗೆ ಅವರೇ ಹಾರ್ಮೋನಿಯಂ. ಸಾವಿನ ಮನೆಯಲ್ಲಿ ಬೆಳಗಿನತನಕ ನುಡಿಸುವವರೂ ಅವರೇ, ಕಾರ್ತೀಕ ಸೋಮವಾರ ಈಶ್ವರನ ಗುಡಿಯಲ್ಲಿ ನುಡಿಸುವವರೂ ಅವರೇ. ದಂಪತಿಗೆ ಮಕ್ಕಳಾಗಲಿಲ್ಲ. ಒಂದಷ್ಟು ವರ್ಷ ಇಬ್ಬರೂ ಅತ್ತರು, ಆಮೇಲೆ ಅವಳು ಗಿರಣಿ ಹಿಡಿದಳು, ಅವರು ಹಾರ್ಮೋನಿಯಂ ಹಿಡಿದರು.

ರಿಟೈರ್ ಆದ ವರ್ಷ ಹಳೆಯ ಹಾರ್ಮೋನಿಯಂನ ತಿದಿ ಇಲಿ ಕಡಿದು ಹಾಳಾಯಿತು. ಆಗ ಗುಂಡ್ಲುಪೇಟೆಯ ತರಕಾರಿ ಮಂಡಿಗೆ ಬರುತ್ತಿದ್ದ ಮಲಯಾಳಿ ಲಾರಿ ಡ್ರೈವರೊಬ್ಬ, ಕೇರಳದ ಬತ್ತೇರಿಯ ಚರ್ಚಿನಲ್ಲಿ ನುಡಿಸುತ್ತಿದ್ದ ಹಳೆಯ ಆರ್ಗನ್ ಕೀಬೋರ್ಡೊಂದು ಮಾರಾಟಕ್ಕಿದೆ ಎಂದ. ಮೂರನೇ ದಿನ ಟೊಮೆಟೊ ಕ್ರೇಟುಗಳ ಮೇಲೆ ಮಲಗಿಕೊಂಡು ಅದು ಬೇಗೂರಿಗೆ ಬಂತು. ಹಿಂದಿನ ಕಾಲದಲ್ಲಿ ಆರ್ಗನ್ನಿನೊಳಗೆ ಕಬ್ಬಿಣದ ಚಕ್ರಗಳು ತಿರುಗಿ ಸ್ವರ ಹುಟ್ಟಿಸುತ್ತಿದ್ದವಂತೆ. ಇದರಲ್ಲಿ ಚಕ್ರವೂ ಇಲ್ಲ, ಗಾಳಿಯೂ ಇಲ್ಲ. ಆ ಚಕ್ರದ ಸ್ವರವನ್ನೇ ಎಲೆಕ್ಟ್ರಾನಿಕ್ ಚಿಪ್ ಒಂದು ಅಣಕಿಸುತ್ತದೆ, ಅಷ್ಟೇ. ಮೇಲೆ ಎಳೆದು ತಳ್ಳುವ ಒಂಬತ್ತು ಪಟ್ಟಿಗಳು. ಬಲಗಡೆ ‘ಪರ್ಕಶನ್’ ಎಂದು ಬರೆದ ನಾಲ್ಕು ಸಣ್ಣ ಸ್ವಿಚ್ಚುಗಳು. ಮೊದಲನೆಯದನ್ನು ಹಾಕಿದರೆ ಸ್ವರ ಶುರುವಾಗುವಾಗ ತೆಂಗಿನ ಚಿಪ್ಪಿಗೆ ಗೆಣ್ಣಿನಿಂದ ಬಡಿದಂತೆ ‘ಟಕ್’ ಎನ್ನುತ್ತದೆ. ಎರಡನೆಯದು ಆ ಟಕ್ಕನ್ನು ಜೋರೋ ಮೆತ್ತಗೋ ಮಾಡಲು, ಮೂರನೆಯದು ಅದು ತಟ್ಟನೆ ಆರಬೇಕೋ ನಿಧಾನಕ್ಕೋ ಎನ್ನಲು, ನಾಲ್ಕನೆಯದು ಅದರ ಸ್ವರ ಏರಿಸಿ ಇಳಿಸಲು.

ಮೊದಮೊದಲು ಆ ಟಕ್ ಹಾಡಿನ ಶುರುವಿನಲ್ಲಿ ಒಂದು ಸಲ ಕೇಳುತ್ತಿತ್ತು, ಆಮೇಲೆ ಇಲ್ಲ. ಯಾರೂ ಗಮನಿಸಿರಲಿಲ್ಲ. ಆದರೆ ಅವರ ಕೊನೆಯ ವರ್ಷದ ಚಳಿಗಾಲದಲ್ಲಿ ಪ್ರತಿ ಸ್ವರಕ್ಕೂ ಟಕ್ ಬರತೊಡಗಿತು. ಒಂದೊಂದು ಸ್ವರವೂ ಬಾಗಿಲು ತಟ್ಟಿ ಒಳಗೆ ಬಂದ ಹಾಗೆ. ಏನೋ ಹೊಸ ಸೆಟ್ಟಿಂಗ್ ಕಂಡುಕೊಂಡಿದ್ದಾರೆ ಎಂದು ಮಂಡಳಿಯವರೆಲ್ಲ ತಿಳಿದರು. ಸಂಗೀತದ ಗಂಧವೇ ಇಲ್ಲದ ಕರಿಬಸಮ್ಮನಿಗೂ ಅದು ಹಿಡಿಸಿಬಿಟ್ಟಿತು. ಸಂಜೆ ಗಿರಣಿಗೆ ಬೀಗ ಹಾಕಿ ಬರುವಾಗ ಬೀದಿ ತುದಿಯಲ್ಲೇ ಕೇಳುತ್ತಿತ್ತು, ಟಕ್, ಟಕ್. ಮನೆಯಲ್ಲಿದ್ದಾರೆ ಎಂದು ಕಾಲು ಚುರುಕಾಗುತ್ತಿತ್ತು.

ಶಿವರಾತ್ರಿ ಕಳೆದು ಹದಿನಾರನೇ ದಿನಕ್ಕೆ ಶಂಭುಲಿಂಗಪ್ಪ ಬಚ್ಚಲಲ್ಲಿ ಬಿದ್ದರು. ಮೆದುಳಿಗೆ ಸ್ಟ್ರೋಕ್ ಹೊಡೆದಿತ್ತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಹೋಗಿಬಿಟ್ಟರು.

ಹನ್ನೊಂದನೇ ದಿನದ ಶಿವಗಣಾರಾಧನೆಗೆ ಮನೆ ಸಾರಿಸಿ ಗುಡಿಸುವಾಗ ಕರಿಬಸಮ್ಮ ಒಂದು ಕೆಲಸ ಮಾಡಿದಳು. ಕೀಬೋರ್ಡಿನ ಮೇಲೆ ಧೂಳು ಕೂತಿತ್ತು. ಒದ್ದೆ ಬಟ್ಟೆ ತಂದಳು. ಪಟ್ಟಿಗಳು ಒಂದು ಮುಂದೆ ಒಂದು ಹಿಂದೆ ಅಡ್ಡಾದಿಡ್ಡಿ ನಿಂತಿದ್ದವು, ಸ್ವಿಚ್ಚುಗಳು ಒಂದು ಮೇಲೆ ಒಂದು ಕೆಳಗೆ. ಗೂಡಿನಲ್ಲಿ ಲೋಟ ಜೋಡಿಸುವ ಕೈ ಅಲ್ಲವೇ, ಸುಮ್ಮನಿರುತ್ತದೆಯೇ? ಎಲ್ಲ ಪಟ್ಟಿಗಳನ್ನು ಒಂದೇ ಸಾಲಿಗೆ ತಳ್ಳಿದಳು, ಎಲ್ಲ ಸ್ವಿಚ್ಚುಗಳನ್ನು ಒಂದೇ ಕಡೆ ಒತ್ತಿದಳು. ಅಚ್ಚುಕಟ್ಟಾಯಿತು ಎಂದು ಬಟ್ಟೆ ಹಿಂಡಿ ಹಾಕಿದಳು.

ಆರಾಧನೆಯ ಸಂಜೆ ಮಂಡಳಿಯ ಮಾದೇಶ ಅದನ್ನು ನುಡಿಸಲು ಕೂತ. ಸ್ವರ ಬಂತು, ಟಕ್ ಇಲ್ಲ. ಆಗ ಅವಳಿಗೆ ತಾನೇನು ಮಾಡಿದೆ ಎಂಬುದು ಹೊಳೆಯಿತು. ಫೋಟೋಕ್ಕೆ ಹಾಕಿದ ಹೂ ಹಾಗೇ ಇತ್ತು, ಊದುಬತ್ತಿ ಉರಿಯುತ್ತಿತ್ತು, ಅವಳು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅವರ ಬಟ್ಟೆ ಉಳಿದಿತ್ತು, ಚಪ್ಪಲಿ ಉಳಿದಿತ್ತು, ಕನ್ನಡಕ ಉಳಿದಿತ್ತು. ಅವರು ಇದ್ದಾರೆ ಎನ್ನಿಸುತ್ತಿದ್ದ ಆ ಒಂದೇ ಸದ್ದನ್ನು ತಾನೇ ಕೈಯಾರೆ ಒರೆಸಿ ಹಾಕಿದ್ದಳು.

ಅಂದಿನಿಂದ ಶುರುವಾಯಿತು ಕಾಟ. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ತಿರುಗಿ ನೋಡುತ್ತಾಳೆ. ನಲ್ಲಿಯಿಂದ ಹನಿ ತಟ್ಟೆಗೆ ಬಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಾಳೆ. ಗಿರಣಿಯ ಅಷ್ಟು ಗದ್ದಲದಲ್ಲೂ, ಬೆಲ್ಟ್ ತಿರುಗುತ್ತಿರುವಾಗಲೇ, ಬೆನ್ನ ಹಿಂದೆ ಟಕ್. ನೋಡಿದರೆ ಯಾರೂ ಇಲ್ಲ, ಹಿಟ್ಟಿನ ಧೂಳು ಹಾರುತ್ತಿದೆ ಅಷ್ಟೇ. ಒಂದು ಮಧ್ಯಾಹ್ನ ಹೀಗೇ ತಿರುಗಿ ನೋಡಿ, ಯಾರದೋ ರಾಗಿಯ ಮೇಲೆ ಇನ್ಯಾರದೋ ಮೆಣಸಿನಕಾಯಿ ಸುರಿದುಬಿಟ್ಟಳು.

"ಜೀವ ಇನ್ನೂ ಮನೇಲೇ ಸುತ್ತುತಾ ಅದೆ ಕಣಕ್ಕ," ಎಂದಳು ಪಕ್ಕದ ಮನೆಯ ಸೋಮಮ್ಮ. "ಏನೋ ಯೋಳ್ಬೇಕು ಅಂತ ಅದೆ. ಒಂದಪ ಅಯ್ನೋರ ಕೇಳ್ಬುಡು."

"ಇದ್ದಾಗ್ಲೇ ಬಾಯ್ಬುಡ್ನಿಲ್ಲ ಆ ಮನ್ಸ, ಈಗೇನ್ ಯೋಳಾರು ಬುಡು," ಎಂದಳು ಕರಿಬಸಮ್ಮ. ಹಾಗಂದ ಮೇಲೆ ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ.

ಅವಳ ಬಳಿ ಇದ್ದ ಸಾಕ್ಷಿ ಒಂದೇ. ಅಣ್ಣನ ಮಗಳು ಪವಿತ್ರ, ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ, ಭಜನೆಯ ದಿನಗಳಲ್ಲಿ ಬೇಗೂರಿಗೆ ಬರುತ್ತಿದ್ದ ಹುಡುಗಿ, ಆ ಶಿವರಾತ್ರಿಯಂದು ಫೋನಿನಲ್ಲಿ ಹಿಡಿದು ಕಳಿಸಿದ ನಲವತ್ತು ಸೆಕೆಂಡಿನ ಆಡಿಯೊ ತುಣುಕು. ಅದರಲ್ಲಿ ಪ್ರತಿ ಸ್ವರಕ್ಕೂ ಟಕ್ ಇತ್ತು. ಫೋನನ್ನು ಕೀಬೋರ್ಡಿನ ಪಕ್ಕ ನಿಲ್ಲಿಸಿಕೊಂಡು ಕರಿಬಸಮ್ಮ ದಿನವೂ ಕೂರತೊಡಗಿದಳು. ಮದುವೆಯಾದ ಹೊಸದರಲ್ಲಿ ಗಂಡ ಹಟ ಹಿಡಿದು ಅವಳಿಗೊಂದು ಭಜನೆ ಕಲಿಸಿದ್ದರು. ಎಡಗೈ ಕಿರುಬೆರಳು ಕೆಳಗಿನ ಷಡ್ಜದ ಮೇಲೆ, ಹಾಡು ಮುಗಿಯುವವರೆಗೆ ಎತ್ತಬಾರದು, ಅದೇ ಶ್ರುತಿ, ಬಲಗೈಯಲ್ಲಿ ಹಾಡು. ನಮ್ಮ ಕಡೆ ಹಾರ್ಮೋನಿಯಂ ಹಿಡಿದವರೆಲ್ಲ ಹೀಗೇ, ಶ್ರುತಿಯ ಬೆರಳು ಎತ್ತಿದರೆ ಗುರುದ್ರೋಹ ಮಾಡಿದಷ್ಟು ಪಾಪ. ಕಲಿತದ್ದನ್ನು ಕರಿಬಸಮ್ಮ ಮರೆತಿರಲಿಲ್ಲ.

ನಾಲ್ಕು ಸ್ವಿಚ್ಚು. ಇದನ್ನು ಮೇಲೆ ಮಾಡಿ ಅದನ್ನು ಕೆಳಗೆ ಮಾಡಿ ನೋಡಿದಳು. ಜೋರು, ಮೆತ್ತಗೆ, ಬೇಗ, ನಿಧಾನ, ಏರು, ಇಳಿ. ಯಾವುದನ್ನು ಹೇಗೆ ತಿರುಗಿಸಿದರೂ ಅಳಿಯ ಅಲ್ಲ, ಮಗಳ ಗಂಡ: ಶುರುವಿನಲ್ಲಿ ಒಂದೇ ಒಂದು ಟಕ್, ಆಮೇಲೆ ಬರೀ ಸ್ವರ. ಒಂಬತ್ತು ಪಟ್ಟಿಗಳನ್ನೂ ಎಳೆದು ತಳ್ಳಿ ನೋಡಿದಳು. ಮಾದೇಶನನ್ನು ಕರೆಸಿದಳು. ಅವನೂ ಮಂಡಳಿಯ ಕೈ, ಅವನೂ ಶ್ರುತಿ ಒತ್ತಿಯೇ ನುಡಿಸುವವನು, ಅವನಿಗೂ ಒಂದೇ ಟಕ್. "ಒಳಗೇನೋ ಓಗದೆ ಕಣಕ್ಕ, ಮಿಸೀನೇ ಕೆಟ್ಟದೆ," ಎಂದು ಕೈ ಒರೆಸಿಕೊಂಡು ಹೋದ.

ಹೀಗೆ ಹನ್ನೊಂದು ತಿಂಗಳು. ವರ್ಷದ ಪೂಜೆ ಹತ್ತಿರ ಬಂತು. ಅಂದು ಆ ಸದ್ದು ಮನೆಯಲ್ಲಿ ಕೇಳಲೇಬೇಕು, ಇಲ್ಲದಿದ್ದರೆ ಆ ಒದ್ದೆ ಬಟ್ಟೆಯ ತಪ್ಪು ತನ್ನನ್ನು ಸಾಯುವವರೆಗೂ ಬಿಡುವುದಿಲ್ಲ ಎಂದು ಅವಳು ನಿಶ್ಚಯ ಮಾಡಿಬಿಟ್ಟಿದ್ದಳು. ಚಾಮರಾಜನಗರದಲ್ಲಿ ಶರತ್ ಅಂತ ಒಬ್ಬರಿದ್ದಾರೆ, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾರೆ, ಸೌಂಡ್ ಸಿಸ್ಟಂ ಅಂಗಡಿಯೂ ಇದೆ ಎಂದು ಪವಿತ್ರ ಹೇಳಿದಳು. ಒಂದು ಭಾನುವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಕೀಬೋರ್ಡಿಗೆ ಕಂಬಳಿ ಸುತ್ತಿ, ಹಗ್ಗ ಬಿಗಿದು, ಬಸ್ಸಿಗೆ ಹತ್ತಿಸಿದರು.

"ಏನಮ್ಮ ಇದು, ಒಳ್ಳೆ ಹೆಣ ಸುತ್ತಿದಂಗೆ ಸುತ್ಕಂಡು ಬಂದಿದ್ದೀರಲ್ಲ," ಎಂದ ಕಂಡಕ್ಟರ್.

ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರಿಗೆ ಸಾಕಾಗುವಷ್ಟು ಬೈಗುಳ ಬೀಳುತ್ತಿತ್ತು. "ಅದೇ ಅನ್ಕಳಪ್ಪ," ಎಂದಳು ಕರಿಬಸಮ್ಮ. "ಲಗೇಜ್ ಟಿಕೀಟ್ ಅರ್ಕೊಡು."

ಗುಂಡ್ಲುಪೇಟೆಯಲ್ಲಿ ಬಸ್ ಬದಲಾಯಿಸಿ, ತೆರಕಣಾಂಬಿ ದಾಟಿ ಚಾಮರಾಜನಗರ ಸೇರುವವರೆಗೆ ಅವಳು ಆ ಕಂಬಳಿಯ ಮೇಲಿಂದ ಕೈ ತೆಗೆಯಲಿಲ್ಲ.

ಶರತ್ ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಕೀಬೋರ್ಡಿನ ಹೆಸರು ಓದಿ ಕಣ್ಣರಳಿಸಿದ, ಇಂಥದ್ದು ಬೇಗೂರಿನಲ್ಲಿತ್ತೇ ಎಂದು. ಬೆಂಚಿನ ಮೇಲಿಟ್ಟು, ವಯರು ಸಿಕ್ಕಿಸಿ, ಎಲ್ಲ ಸ್ವಿಚ್ಚು ಪರೀಕ್ಷಿಸಿದ. ಅವನ ಕೈಯಲ್ಲಿ ಟಕ್, ಟಕ್, ಟಕ್, ಸಾಲಾಗಿ ಬಂತು. ಕರಿಬಸಮ್ಮ ಕೂತಿದ್ದ ಸ್ಟೂಲಿನಿಂದ ಎದ್ದೇ ನಿಂತಳು.

"ಏನ್ ಮಾಡ್ಬುಟ್ಟಪ್ಪ? ಅದೇ ಕಣಪ್ಪ, ಅದೇ."

"ಏನೂ ಮಾಡಿಲ್ಲಮ್ಮ. ಇದು ಕೆಟ್ಟೇ ಇಲ್ಲ. ನೀವೊಂದ್ ಸಲ ನುಡಿಸಿ, ನೋಡೋಣ."

ಅವಳು ನುಡಿಸಿದಳು. ಒಂದೇ ಟಕ್. ಶರತ್ ಅವಳ ಎಡಗೈ ನೋಡಿ ನಕ್ಕ. "ಶ್ರುತಿ ಒತ್ಕೊಂಡಿದ್ದೀರಲ್ಲಮ್ಮ, ಅದಕ್ಕೇ. ಹಳೇ ಆರ್ಗನ್ನಿನ ಗುಣಾನೇ ಇದಕ್ಕೂ ಇಟ್ಟವ್ರೆ. ಕೈ ಪೂರ್ತಿ ಎತ್ತಿ, ಒಂದು ಕೀನೂ ಒತ್ತಿಲ್ಲ ಅನ್ನೋವಾಗ ಹೊಸದಾಗಿ ಒತ್ತಿದ್ರೆ ಮಾತ್ರ ಟಕ್ ಬರುತ್ತೆ. ಎಲ್ಲೋ ಒಂದು ಬೆರಳು ಕೂತಿದ್ರೂ ಸಾಕು, ಮಿಕ್ಕಿದ್ದಕ್ಕೆ ಬರಲ್ಲ. ಸೆಟ್ಟಿಂಗ್ ಗಿಟ್ಟಿಂಗ್ ಏನಿಲ್ಲ."

"ಅಂಗಾರೆ ನಾನು ಒರೆಸಿದ್ದಕ್ಕೆ ಓಗಿದ್ದಲ್ವಾ?"

"ಒರೆಸಿದ್ರೆ ಎಲ್ಲಿಗ್ ಹೋಗುತ್ತಮ್ಮ? ಮೊದಲನೇ ಸ್ವಿಚ್ ಹಾಕಿದ್ರೆ ಬಂತು."

ಹನ್ನೊಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಬೀಸುವ ಕಲ್ಲು ಇಳಿಯಿತು. ಕರಿಬಸಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಿನ್ ಹೊಟ್ಟೆ ತಣ್ಗಿರ್ಲಿ ಕಣಪ್ಪ," ಎಂದಳು. ಪವಿತ್ರ ಕಂಬಳಿ ಮಡಿಸತೊಡಗಿದ್ದಳು. ಎಲ್ಲ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಕರಿಬಸಮ್ಮನಿಗೆ ಗಂಡನ ಹೆಚ್ಚುಗಾರಿಕೆ ತೋರಿಸಬೇಕೆನ್ನಿಸಿತು. ಫೋನ್ ತೆಗೆದು ಆ ನಲವತ್ತು ಸೆಕೆಂಡು ಕೇಳಿಸಿದಳು.

ಶರತ್ ಕಿವಿಗೊಟ್ಟು ಕೇಳಿದ. ಇನ್ನೊಂದು ಸಲ ಹಾಕಿಸಿ ಕೇಳಿದ. "ಇವರೂ ಶ್ರುತಿ ಒತ್ತಿಲ್ಲ ನೋಡಿ. ಶ್ರುತಿ ಬರ್ತಿರೋದು ಪಕ್ಕದಲ್ಲಿ ಯಾವ್ದೋ ಶ್ರುತಿ ಪೆಟ್ಟಿಗೆಯಿಂದ. ಬಲಗೈ ಒಂದರಲ್ಲೇ ನುಡಿಸ್ತಾವ್ರೆ. ಎಡಗೈ ಕೀಬೋರ್ಡ್ ಮೇಲೇ ಇಲ್ಲ."

"ಇಲ್ಲ ಕಣಪ್ಪ. ಅವ್ರು ಶ್ರುತಿ ಬುಡೋರಲ್ಲ. ಜೀವ ಬುಟ್ರೂ ಬುಡೋರಲ್ಲ."

"ನಲವತ್ ಸೆಕೆಂಡಲ್ಲಿ ಒಂದ್ ಸಲಾನೂ ಒತ್ತಿಲ್ಲಮ್ಮ," ಎಂದ ಅವನು, ಪಾಪ, ಏನೂ ಅರಿಯದೆ. "ಎಡಗೈಗೆ ಏನಾದ್ರೂ ಏಟಾಗಿತ್ತಾ?"

ಕರಿಬಸಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾನೇ ಕೀಬೋರ್ಡಿಗೆ ಕಂಬಳಿ ಸುತ್ತತೊಡಗಿದಳು.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರು ಕೂಡ ಇದನ್ನೇ ಕೇಳಿದ್ದರು. ಹಿಂದೆ ಯಾವಾಗಲಾದರೂ ಕೈ ಸೋತಿತ್ತಾ, ಜೋಮು ಹಿಡಿದಿತ್ತಾ ಎಂದು. ಇವಳು ತನ್ನ ಗಿರಣಿ ಗಂಟಲಲ್ಲಿ, ಏನೂ ಇರಲಿಲ್ಲ, ಗುಂಡುಕಲ್ಲಿನ ಹಾಗಿದ್ದರು ಎಂದು ಆಣೆ ಮಾಡಿ ಹೇಳಿದ್ದಳು.

ಹಾಗಾದರೆ ಆ ಬೆಳಗುಗಳು? ಶಂಭುಲಿಂಗಪ್ಪ ದಿನವೂ ಸ್ನಾನ ಮಾಡಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಬಲಗೈಯಲ್ಲಿ ವಿಭೂತಿ ಪತ್ರೆ ಏರಿಸಿ ಪೂಜೆ ಮಾಡುವವರು. ಕೊನೆಯ ಆ ಚಳಿಗಾಲದಲ್ಲಿ ಒಂದು ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು, "ಇವತ್ತು ನಿನ್ ಕೈ ಕೊಡು," ಎಂದರು. ಅವಳ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡಿದರು. ಮಾರನೆಯ ದಿನವೂ ಕೈ ಕೇಳಿದರು. ಅದೇ ರೂಢಿಯಾಯಿತು. ಗಂಡನ ಲಿಂಗ ಹೆಂಡತಿಯ ಕೈಯಲ್ಲಿ, ಎಂಥ ಪ್ರೀತಿ ಎಂದು ಅವಳು ಉಬ್ಬಿಹೋಗಿದ್ದಳು. ಗಿರಣಿಗೆ ಬಂದ ಹೆಂಗಸರಿಗೆಲ್ಲ ಹೇಳಿದ್ದಳು. ಕೆಲವರ ಗಂಡಂದಿರಿಗೆ ಮನೆಯಲ್ಲಿ ಅದಕ್ಕಾಗಿ ಮಂಗಳಾರತಿಯೂ ಆಗಿತ್ತು. ಅಷ್ಟು ದಿನ ಆ ಮನುಷ್ಯನ ಎಡಗೈ ತೊಡೆಯ ಮೇಲೆ, ಶಾಲಿನ ಅಡಿಯಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ನೋಡಿದ್ದಳು. ನೋಡಿಯೂ ನೋಡಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅದು ಸುಲಭದ ಗಾದೆಯೇನಲ್ಲ. ಉರಿಯುವ ಒಲೆಯ ಮುಂದೆ ಕೂತವರಿಗೇ ಗೊತ್ತು ಅದರ ಕಾವು.

ಗುಂಡ್ಲುಪೇಟೆ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತಾಗ ಮಧ್ಯಾಹ್ನ ಮೂರು ಗಂಟೆ. ಕಂಬಳಿ ಸುತ್ತಿದ ಕೀಬೋರ್ಡು ಕಾಲಬುಡದಲ್ಲಿತ್ತು. ಬಾಳೆಕಾಯಿ ಚಿಪ್ಸ್ ಮಾರುವವನು ಕೂಗುತ್ತಾ ಹೋದ. ಕರಿಬಸಮ್ಮ ಕೇಳಿದಳು, "ಮಂಡಳಿಯೋರ ಗ್ರೂಪಿಗೆ ನೀನು ಭಜನೆ ಇಡ್ಕೊಂಡು ಆಕ್ತಿದ್ಯಲ್ಲಮ್ಮಿ, ಅವೆಲ್ಲಾ ಇನ್ನೂ ಅವಾ?"

"ಅವೆ ಅತ್ತೆ. ತಾರೀಕಿನ ಸಮೇತ ಅವೆ. ಯಾಕೆ?"

"ಯಾವತ್ತಿಂದ ಸುರುವಾಯ್ತು ನೋಡ್ಬೇಕು ಕಣಮ್ಮಿ."

ಪವಿತ್ರ ಇಯರ್‌ಫೋನಿನ ಒಂದು ತುದಿ ಅತ್ತೆಯ ಕಿವಿಗೆ ಸಿಕ್ಕಿಸಿ, ಇನ್ನೊಂದನ್ನು ತಾನಿಟ್ಟುಕೊಂಡಳು. ಮೊದಲು ಗಿರಣಿಯ ಆಯುಧಪೂಜೆಯ ಭಜನೆ. ಶುರುವಿನಲ್ಲಿ ಒಂದು ಟಕ್, ಆಮೇಲೆ ತುಂಬಿದ ಶ್ರುತಿ, ಅದರ ಮೇಲೆ ಹಾಡು. ಎರಡೂ ಕೈ. ಕಾರ್ತೀಕದ ಮೊದಲ ಸೋಮವಾರ, ಹಾಗೆಯೇ. ಎರಡನೆಯ ಸೋಮವಾರ, ಶ್ರುತಿ ನಡುನಡುವೆ ಕಡಿದು ಮತ್ತೆ ಬರುತ್ತಿತ್ತು. ಬೆರಳು ಜಾರಿ, ಮತ್ತೆ ಹುಡುಕಿ ಕೂರುತ್ತಿತ್ತು. ಪವಿತ್ರ ಅತ್ತೆಯ ಮುಖ ನೋಡಿ, "ಸಾಕು ಬುಡಿ ಅತ್ತೆ," ಎಂದಳು. ಕರಿಬಸಮ್ಮ ನಿಲ್ಲಿಸಬೇಡವೆಂದು ತಲೆಯಾಡಿಸಿದಳು.

ಮೂರನೆಯ ಸೋಮವಾರ. ಟಕ್, ಟಕ್, ಟಕ್. ಒಂಟಿ ಕೈ ಒಂದೊಂದೇ ಸ್ವರ ಎತ್ತಿ ಎತ್ತಿ ಇಡುತ್ತಿತ್ತು. ಹಾಡು ಮುಗಿಯಿತು. ಪವಿತ್ರ ಅಂದು ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದಳು. ಯಾರೋ ಕೆಮ್ಮಿದರು, ತಾಳ ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಗುಡಿಯೆಲ್ಲ ತುಂಬುವಂಥ ಒಂದು ಹೆಂಗಸಿನ ಗಂಟಲು.

"ಮದ್ವೆ ಆದಾಗಿಂದ ಕೇಳ್ತಿವ್ನಿ, ಒಂದಿನಾನೂ ಇಷ್ಟು ಚೆಂದಾಗಿ ನುಡಿಸಿರ್ನಿಲ್ಲ ನೀವು. ಏನ್ ಮಾಡುದ್ರಿ ಇವತ್ತು?"

ಶಂಭುಲಿಂಗಪ್ಪನವರ ದನಿ, ಮೆತ್ತಗೆ.

"ನಾನೂ ಅದ್ನೇ ಯೋಳನಾ ಅಂತಿದ್ದೆ ಕಣೆ. ಈ ಎಡಗಡೆ..."

"ಎಡಗಡೆನೋ ಬಲಗಡೆನೋ, ಆ ಸ್ವಿಚ್ಚೆಲ್ಲಾ ನಂಗ್ ಗೊತ್ತಾಗಕಿಲ್ಲ ಬುಡಿ. ಇನ್ಮೇಲೆ ಇಂಗೇ ನುಡ್ಸಿ. ಬದ್ಲಾಯಿಸ್ಬುಟ್ಟೀರಿ ಮತ್ತೆ."

ಮಂಡಳಿಯವರೆಲ್ಲ ನಕ್ಕರು. ಆ ನಗುವಿನಲ್ಲಿ ಶಂಭುಲಿಂಗಪ್ಪನವರದ್ದೂ ಇತ್ತು.

"ಆಯ್ತು ಬುಡು," ಎಂದರು ಅವರು. "ನಿಂಗೆ ಚೆಂದ ಅಂದ್ಮೇಲೆ ಇಂಗೇ ನುಡಿಸ್ತೀನಿ."

ಬೇಗೂರಿನ ಬಸ್ಸು ಬಂದು ನಿಂತಿತು. ಪವಿತ್ರ ಅತ್ತೆಯ ತೋಳು ಹಿಡಿದು ಎಬ್ಬಿಸಲು ನೋಡಿದಳು. ಕರಿಬಸಮ್ಮ ಏಳಲಿಲ್ಲ.